ಕಾಲಿಲ್ಲದ ಇಟಲಿ ಕುರ್ಚಿ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಕುಶನ್ ಅಂಗಡಿ ನನ್ನದು. ಬಸ್ಸು, ಟ್ರ್ಯಾಕ್ಟರು, ಸೋಫಾ, ಏನೇ ತನ್ನಿ, ಸೀಟು ಹೊಲಿದು ಕೊಡುತ್ತೇನೆ. ಜನರನ್ನು ಕೂರಿಸುವುದೇ ಕಸುಬಾದವನಿಗೆ ತಮಾಷೆ ಹುಡುಕಿಕೊಂಡು ಹೋಗುವ ಕೆಲಸವಿಲ್ಲ, ಅದೇ ಬಂದು ಎದುರಿಗೆ ಕೂರುತ್ತದೆ. ಆದರೆ ಒಂದೇ ಕುರ್ಚಿ ಇಷ್ಟು ಅವಾಂತರ ಮಾಡಿದ್ದನ್ನು ನಾನು ಕಂಡದ್ದು ಹೋದ ವರ್ಷವೇ.

ಆಗ ಮಗಳ ಮದುವೆ ಮಾತು ನಡೆಯುತ್ತಿತ್ತು. ಅವಳು ಚಾಮರಾಜನಗರದಲ್ಲಿ ನರ್ಸು. ಹುಡುಗ ತೆರಕಣಾಂಬಿಯ ಮೇಷ್ಟ್ರು. ಇಬ್ಬರೂ ಒಪ್ಪಿದ್ದರು. ಒಪ್ಪಬೇಕಾಗಿದ್ದವರು ಹುಡುಗನ ದೊಡ್ಡಪ್ಪ ಒಬ್ಬರೇ. ಮಾತಿನ ನಡುವೆ ಒಂದು ಮಾತು ಹಿಡಿಸದಿದ್ದರೆ "ಏಳ್ರಲಾ, ಓಗನ" ಎಂದು ಎದ್ದುಬಿಡುವುದು ಅವರ ಪದ್ಧತಿ. ಒಮ್ಮೆ ಎದ್ದರೆ ಆ ಮನೆಯಲ್ಲಿ ಮತ್ತೆ ಕೂತವರಲ್ಲ. ಹೀಗೆ ಎದ್ದು ಎದ್ದೇ ಮೂರು ಸಂಬಂಧ ಮುರಿದಿದ್ದರು. ನನಗೆ ನಿದ್ದೆ ಬರುತ್ತಿರಲಿಲ್ಲ.

ಕಾಲು ಹುಡುಕಿದ್ದು

ನೀಲಗಿರಿ ಕಡೆಯ ಬಂಗಲೆಯೊಂದರ ಯಜಮಾನರು ಹೊಲಿಗೆ ಬಿಟ್ಟ ಕುರ್ಚಿಯೊಂದನ್ನು ಕ್ಯಾರೆಟ್ ಗಾಡಿಯಲ್ಲಿ ಕಳಿಸಿದರು. ಅವರಪ್ಪ ಎಷ್ಟೋ ವರ್ಷದ ಹಿಂದೆ ಇಟಲಿಯಿಂದ ಹಡಗಿನಲ್ಲಿ ತರಿಸಿದ್ದಂತೆ. ಅಪ್ಪಟ ಚರ್ಮ, ಕಂದು ಬಣ್ಣ, ಅಗಲವಾದ ಮೈ. ಕಾಲು ಮಾತ್ರ ಇಲ್ಲ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡೇ ಕೂತಿತ್ತು.

ಪಕ್ಕದ ಟೀ ಅಂಗಡಿಯವನು ಸುತ್ತ ಬಂದು ನೋಡಿದ. "ಕಾಲೆಲ್ಲಿ ಕಣಣ್ಣ? ಘಾಟಿಲಿ ಬಿದ್ದೋಗವೆ!" ಎಂದವನೇ ಗಾಡಿ ಹತ್ತಿ ಕ್ಯಾರೆಟ್ ಮೂಟೆಗಳನ್ನು ಒಂದೊಂದಾಗಿ ಎತ್ತಿ ಹುಡುಕತೊಡಗಿದ. ಡ್ರೈವರು ತಮಿಳಿನವನು, ಗಾಬರಿಯಾಗಿ ಎದೆ ಮುಟ್ಟಿಕೊಂಡ. "ಸತ್ಯಮಾ ಸಾರ್, ಏರಿಸೋವಾಗ್ಲೇ ಕಾಲಿಲ್ಲ."

ಇದರ ಮಾದರಿಯೇ ಹೀಗೆ, ದೊಡ್ಡ ಡಿಸೈನರು ಮಾಡಿದ್ದು ಎಂದು ನಾನು ವಿವರಿಸಿದೆ. ಟೀ ಅಂಗಡಿಯವನಿಗೆ ಅಯ್ಯೋ ಎನಿಸಿತು. "ಪಾಪ, ಅಷ್ಟು ದೊಡ್ಡೋರು, ಕಾಲು ಮಾಡೋಕ್ ಮುಂಚೆನೇ ಓಗ್ಬುಟ್ರಾ?"

ಹರಳೆಣ್ಣೆ

"ಹೊಲಿಗೆ ಮಾತ್ರ ಹಾಕಿ. ಚರ್ಮದ ಸುಕ್ಕು ಮುಟ್ಟಬೇಡಿ, ಬೆಲೆ ಇರುವುದೇ ಸುಕ್ಕಿಗೆ" ಎಂದು ಬಂಗಲೆಯವರು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಆದರೆ ಎಣ್ಣೆ ಕಾಣದ ಚರ್ಮ ನೋಡಿದರೆ ನನ್ನ ಕೈ ಕೇಳಬೇಕಲ್ಲ. ನಮ್ಮಪ್ಪ ಗಾಡಿ ಎತ್ತಿನ ಚರ್ಮದ ಮಿಣಿಗೆ ಹಚ್ಚುತ್ತಿದ್ದ ಹಾಗೆ ಧಾರಾಳವಾಗಿ ಹರಳೆಣ್ಣೆ ತಿಕ್ಕಿದೆ. ಕುರ್ಚಿ ಮಿರಮಿರ ಮಿಂಚಿತು. ಬಂದವರೆಲ್ಲ ಒಂದು ಸಲ ಕೂತು ನೋಡಿ ಹೋದರು, ಎಲ್ಲರೂ ಬಿಳಿ ಪಂಚೆಯವರು.

ಆ ವಾರ ಸಂತೆಯಲ್ಲಿ, ಯಾರ್ಯಾರು ಕೆಲಸವಿಲ್ಲದೆ ನನ್ನ ಅಂಗಡಿಗೆ ಬಂದಿದ್ದರು ಎಂದು ಹಿಂದಿನಿಂದ ನೋಡಿಯೇ ಹೇಳಬಹುದಿತ್ತು.

ಬಂಗಲೆಯವರು ಬಂದು ನೋಡಿದರು, ಮೂಸಿದರು, ಕೈಗೆ ಅಂಟಿದ ಎಣ್ಣೆ ಕರ್ಚೀಫಿಗೆ ಒರೆಸಿಕೊಂಡರು. ಆಮೇಲೆ, "ಬಂಗಲೆ ಮಾರಿಬಿಟ್ಟೆ. ಹೊಸ ಫ್ಲ್ಯಾಟಿನ ಬಾಗಿಲಲ್ಲಿ ಇದು ತೂರೋದಿಲ್ಲ. ಇಷ್ಟು ಎಣ್ಣೆ ಸ್ನಾನ ಮಾಡಿಸಿದ್ದೀರಿ, ನೀವೇ ಇಟ್ಟುಕೊಳ್ಳಿ" ಎಂದರು. ಕುರ್ಚಿ ಅಂಗಡಿಯ ಹಿಂದಿನ ನಮ್ಮ ಮನೆಗೆ ಬಂತು. "ಬೀಗರು ಬರೋ ಒತ್ನಲ್ಲಿ ಈ ಕುಂಟುನ್ನ ಮನೆ ಒಳಕ್ ತಂದ್ರಲ್ಲ!" ಎಂದು ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಯಾವುದರ ಚರ್ಮ

ಉಡಿಗಾಲದ ನನ್ನ ಸೋದರತ್ತೆ ಲಿಂಗ ಪೂಜೆ ಮಾಡದೆ ನೀರೂ ಮುಟ್ಟದವರು. ಮನೆಗೆ ಬಂದವರೇ ಕುರ್ಚಿಯ ಮುಂದೆ ನಿಂತು, "ಯಾವುದ್ರ ಚರ್ಮಲಾ ಇದು?" ಎಂದರು.

"ಇಟಲೀದು ಅತ್ತೆ."

"ನಾ ಊರು ಕೇಳ್ಲಿಲ್ಲ ಕಣ್ಲಾ, ಪ್ರಾಣಿ ಕೇಳ್ದೆ."

ನಿಜ ಹೇಳುವ ಧೈರ್ಯವೂ ಇಲ್ಲ, ಸುಳ್ಳು ಹೇಳುವ ಧೈರ್ಯವೂ ಇಲ್ಲ. ನಾನು ಸೀಲಿಂಗ್ ನೋಡಿದೆ. ಅತ್ತೆ ನನ್ನ ಮುಖ ನೋಡಿ, ಕುರ್ಚಿ ನೋಡಿ, ಚೀಲದಿಂದ ತಮ್ಮ ಕಂಬಳಿ ತೆಗೆದು ಅದರ ಮೇಲೆ ಹಾಸಿದರು. "ಉಣ್ಣೆಗೆ ಮೈಲಿಗೆ ಇಲ್ಲ. ಈಗ ನಾ ಕುಂತಿರಾದು ಕಂಬ್ಳಿ ಮ್ಯಾಲೆ." ಕೂತ ಐದೇ ನಿಮಿಷಕ್ಕೆ ಗೊರಕೆ.

ಎಚ್ಚರವಾದ ಮೇಲೆ ಏಳಲು ಬರಲಿಲ್ಲ. "ಎತ್ರಲಾ, ಹಗೇವಿಗೆ ಬಿದ್ಬುಟ್ಟೆ!" ಎಂದು ಕೂಗಿಕೊಂಡರು. ರಾಗಿ ತುಂಬುವ ನೆಲದ ಗುಂಡಿಗೆ ಬಿದ್ದವರ ಹಾಗೇ ಕೂಗು. ನಾನೂ ಟೀ ಅಂಗಡಿಯವನೂ ಆಳಿಗೊಂದು ಕೈ ಹಿಡಿದು ಎಳೆದೆವು. ಅತ್ತೆಯ ಜೊತೆ ಕುರ್ಚಿಯೂ ಬಾಗಿಲವರೆಗೆ ಬಂತು.

ಇನ್ನು ಇದರ ಸಹವಾಸ ಬೇಡ ಎಂದು ಆಣೆ ಇಟ್ಟು ಹೋದರು. ಮುಂದಿನ ಸಲ ಬಂದಾಗ ಕೈಯಲ್ಲಿ ಬಟ್ಟೆ ಚೀಲವಿರಲಿಲ್ಲ, ಕಂಬಳಿ ಮಾತ್ರ ಇತ್ತು.

ಏಳ್ರಲಾ, ಓಗನ

ಕಡೆಗೂ ಹುಡುಗನ ಮನೆಯವರು ಬರುವ ಭಾನುವಾರ ಬಂತು. ಹೆಂಡತಿ ಕುರ್ಚಿಯನ್ನು ಮೂಲೆಗೆ ತಳ್ಳಿ, ಅತ್ತೆ ಬಿಟ್ಟುಹೋಗಿದ್ದ ಕಂಬಳಿ ಹೊದಿಸಿ, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿಸಿದಳು. ಹುಡುಗನ ಕಡೆಯ ಆರೇಳು ಜನ ಅವುಗಳಲ್ಲಿ ಕೂತರು. ದೊಡ್ಡಪ್ಪ ಕೂರಲಿಲ್ಲ. ಮನೆಯಲ್ಲೆಲ್ಲ ದೊಡ್ಡದು ಯಾವುದು ಎಂದು ಕಣ್ಣಾಡಿಸಿ, ನಾನು ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ಕುರ್ಚಿಗೆ ಇಳಿದೇಬಿಟ್ಟರು. ಮಂಡಿ ಎದೆಗೆ ಬಂತು. ಆದರೂ ಗತ್ತು ಬಿಡದೆ ಶಲ್ಯ ಸರಿಮಾಡಿಕೊಂಡರು.

ಮಾತು ಚೆನ್ನಾಗಿಯೇ ಸಾಗಿತು. ಮಗಳು ಕಾಫಿ ತಂದಾಗ ದೊಡ್ಡಪ್ಪ ಹೇಳಿದರು, "ಮದ್ವೆ ಆದ್ಮೇಲೆ ಆಸ್ಪತ್ರೆ ಕೆಲ್ಸ ಬುಡ್ಬೇಕು ಕಣಮ್ಮಿ."

ಮಗಳು ತಟ್ಟೆ ಕೆಳಗಿಟ್ಟಳು. "ಬುಡಕಿಲ್ಲ ದೊಡ್ಡಪ್ಪ."

ದೊಡ್ಡಪ್ಪನ ಮುಖ ಕೆಂಪಾಯಿತು. "ಏಳ್ರಲಾ, ಓಗನ!"

ಎಲ್ಲರೂ ಎದ್ದರು. ಅವರೊಬ್ಬರನ್ನು ಬಿಟ್ಟು.

ಒಂದು ಸಲ ಮುಂದಕ್ಕೆ ತೂಗಿದರು, ಕುರ್ಚಿ ಹಿಂದಕ್ಕೆ ಎಳೆದುಕೊಂಡಿತು. ಇನ್ನೊಂದು ಸಲ ಪಕ್ಕಕ್ಕೆ ಹೊರಳಿದರು, ಇನ್ನಷ್ಟು ಒಳಗೆ ಹೋದರು. ಸಿಟ್ಟಿನಲ್ಲಿರುವವರನ್ನು ಮುಟ್ಟುವ ಧೈರ್ಯ ಯಾರಿಗಿದೆ? ಹಿರಿಯರು ಕೂತಿರುವಾಗ ನಿಂತೇ ಇರುವುದೂ ಮರ್ಯಾದೆಯಲ್ಲ. ಬೀಗರು ಒಬ್ಬೊಬ್ಬರಾಗಿ ಮತ್ತೆ ಕೂತರು. ಹುಡುಗ ಮಾತ್ರ ಗೋಡೆ ಕಡೆ ತಿರುಗಿ ನಿಂತಿದ್ದ. ಅವನ ಭುಜ ಕುಲುಕುತ್ತಿತ್ತು.

ಆಗ ಮಗಳು ಮುಂದೆ ಬಂದು ಅವರ ಪಕ್ಕ ಬಗ್ಗಿದಳು. "ದೊಡ್ಡಪ್ಪ, ಎರಡು ಪಾದನೂ ಇಂದಕ್ ಎಳ್ಕಳಿ. ಕೈ ನನ್ ಎಗಲ್ ಮ್ಯಾಲೆ ಇಡಿ. ಉಸ್ರು ಬುಡಿ. ಮೂರು ಅಂದಾಗ ಏಳಿ. ಒಂದು, ಎರಡು, ಮೂರು."

ದೊಡ್ಡಪ್ಪ ನಿಂತಿದ್ದರು, ಶಲ್ಯವೂ ಜಾರದ ಹಾಗೆ. ಬಾಗಿಲು ನೋಡಿದರು, ಮಗಳನ್ನು ನೋಡಿದರು.

"ಇದ ಎಲ್ ಕಲ್ತೆ ಕಣಮ್ಮಿ?"

"ಆಸ್ಪತ್ರೇಲಿ. ದಿನಾ ಎಂಟತ್ ಜನನ ಎಬ್ಬುಸ್ತೀನಿ."

"ಯಾರ್ನೂ ಬೀಳ್ಸಿಲ್ವಾ?"

"ಇನ್ನೂ ಇಲ್ಲ."

ದೊಡ್ಡಪ್ಪ ನಿಧಾನವಾಗಿ ನಡೆದುಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಎದ್ದ ಮನೆಯಲ್ಲಿ ಅವರು ಮತ್ತೆ ಕೂತದ್ದು ಅದೇ ಮೊದಲು. "ಕಾಫಿ ಆರೋಯ್ತದೆ, ಕೊಡಿ. ಕೆಲ್ಸದ್ ಮಾತು ಬುಡಿ, ಅದು ಅವ್ಳಿಷ್ಟ" ಎಂದರು. ಹೆಂಡತಿ ಅಡುಗೆಮನೆಗೆ ಓಡಿ ಕಣ್ಣೊರೆಸಿಕೊಂಡಳು. ಸುಳ್ಳೇಕೆ, ನಾನೂ ಒರೆಸಿಕೊಂಡೆ.

ಹದಿನೈದು ದಿನಕ್ಕೆ ದೊಡ್ಡಪ್ಪ ಲಗ್ನ ಗೊತ್ತುಮಾಡಲು ಬಂದರು. ನಾನು ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ ಮೂಲೆಯ ಇಟಲಿ ಕುರ್ಚಿಯ ಮುಂದೆ ಹೋಗಿ ನಿಂತರು. ಆದರೆ ಕೂರಲಿಲ್ಲ. ತಿರುಗಿ ಮೆಲ್ಲಗೆ ನನ್ನನ್ನು ಕೇಳಿದರು:

"ಮಗ್ಳು ಡ್ಯೂಟಿ ಮುಗುಸ್ಕಂಡ್ ಬಂದವ್ಳಾ? ಬಂದಿದ್ರೆ ಕುಂತ್ಕತೀನಿ."