ಹಳ್ಳದಲ್ಲಿ ಅತಿ ಹೆಚ್ಚು ಕಂಡುಬಂದ ಪ್ರಾಣಿ

ನನ್ನ ಯೌವನದ ಫೋಟೋಗಳನ್ನೆಲ್ಲ ತೆಗೆದದ್ದು ಒಂದು ಮರ. ಹೀಗೆಂದರೆ ಕಥೆ ಕಟ್ಟುತ್ತಿದ್ದೇನೆ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮರಕ್ಕೊಂದು ಕ್ಯಾಮೆರಾ ಕಟ್ಟಿತ್ತು. ಬಿಸಿ ಮೈಯ ಯಾವುದೇ ಪ್ರಾಣಿ ಎದುರಿಗೆ ಹಾದರೆ ಅದು ತನ್ನಷ್ಟಕ್ಕೆ ಫೋಟೋ ತೆಗೆದು, ಮೂಲೆಯಲ್ಲಿ ಕೆಂಪಕ್ಷರದಲ್ಲಿ ತಾರೀಖು ಒತ್ತುತ್ತಿತ್ತು. ಕಟ್ಟಿದ್ದು ಕರಡಿಗಾಗಿ. ಮೂವತ್ತಾರು ಚಿತ್ರಗಳ ರೀಲು. ಮನುಷ್ಯನ ಮೈಯೂ ಬಿಸಿಯೇ ಎಂಬುದು ನನಗೆ ಹೊಳೆದಿರಲಿಲ್ಲ.

ಅದಿರಿನ ಭರಾಟೆಯ ವರ್ಷಗಳವು. ಹೊಸಪೇಟೆಯಲ್ಲಿ ಹೊಸಬರು ಸಿಕ್ಕರೆ ಹೆಸರು ಕೇಳುವ ಮೊದಲು ‘ಎಷ್ಟು ಲಾರಿ ಅದಾವ್ರಿ?’ ಎಂದು ಕೇಳುತ್ತಿದ್ದರು. ನನಗೆ ಸೈಕಲ್ಲೂ ಇರಲಿಲ್ಲ. ಸಂಡೂರಿನ ಕಡೆಯ ಗುಡ್ಡದ ಒಂದು ಹಳ್ಳದಲ್ಲಿ ಅದಿರು ಲಾರಿಗಳಿಗೆ ಹೊಸ ರಸ್ತೆ ಬರುವುದಿತ್ತು. ಅಲ್ಲಿ ಕರಡಿಗಳಿಲ್ಲ ಎಂದು ರಸ್ತೆ ಬೇಕಾದವರು ಹೇಳುತ್ತಿದ್ದರು. ಅದು ಅವುಗಳ ದಾರಿಯೇ ಎಂದು ಮೈಸೂರಿನಲ್ಲಿದ್ದ ನಮ್ಮ ಪ್ರೊಫೆಸರು ವಾದಿಸುತ್ತಿದ್ದರು. ಬೇಸಿಗೆ ಮುಗಿಯುವುದರೊಳಗೆ ಪುರಾವೆ ಕೊಡಿ, ಇಲ್ಲದಿದ್ದರೆ ರಸ್ತೆಯ ಕೆಲಸ ಶುರು ಎಂದರು ಅಧಿಕಾರಿಗಳು. ಪುರಾವೆ ತರಬೇಕಾದವನು ನಾನು, ಪ್ರೊಫೆಸರ ಸಹಾಯಕ, ಹೊಸಪೇಟೆಯಂಚಿನ ಚಿತ್ತವಾಡ್ಗಿಯ ಬಾಡಿಗೆ ಕೋಣೆಯ ನಿವಾಸಿ. ಗಣಿ ನಿಲ್ಲಿಸಲು ಬಂದ ಸರ್ಕಾರದ ಮನುಷ್ಯ ಎಂದು ನನ್ನ ಬಗ್ಗೆ ಯಾರೋ ಹಬ್ಬಿಸಿದ್ದರು. ಚಹಾದಂಗಡಿಯ ಬೆಂಚಿನಲ್ಲಿ ಕೂತರೆ ಪಕ್ಕದವರು ಮಾತು ನಿಲ್ಲಿಸಿ ಲೋಟದೊಳಗೆ ನೋಡುತ್ತಿದ್ದರು. ನಾನು ಎದ್ದ ಮೇಲೆ ಬೆನ್ನ ಹಿಂದೆ ಮಾತು ಮತ್ತೆ ಶುರುವಾಗುವುದು ಕೇಳಿಸುತ್ತಿತ್ತು.

ವಾರಕ್ಕೊಮ್ಮೆ ಮಾತ್ರ ಹೋಗಿ ರೀಲು ನೋಡಿ ಬರಬೇಕು ಎಂಬುದು ನಿಯಮ. ನಾನು ವಾರಕ್ಕೊಮ್ಮೆಯೇ ಹೋಗುತ್ತಿದ್ದೆ. ಈಗಲೂ ನನಗೆ ಹಾಗೆಯೇ ನೆನಪು. ಎಲೆಗಳ ಮೇಲೆ ಕೆಂಪು ಧೂಳು, ದೂರದಲ್ಲಿ ಲಾರಿಗಳ ಸದ್ದು, ಸೋನೆ ಮಳೆ. ಇಲ್ಲ, ಮಳೆ ಇರಲಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿ ಎಲ್ಲಿಯ ಮಳೆ. ಏಕಾಂಗಿಯೊಬ್ಬನ ಚಿತ್ರಕ್ಕೆ ಒಪ್ಪುತ್ತದೆ ಎಂದು ಈಗ ಸೇರಿಸುತ್ತಿದ್ದೇನೆ ಅಷ್ಟೆ.

ರೀಲು ತೊಳೆಯುತ್ತಿದ್ದವರು ಹೊಸಪೇಟೆಯ ಸ್ಟುಡಿಯೋದ ಗಾದಿಲಿಂಗಪ್ಪ. ಹಂಪಿಗೆ ಬಂದ ವಿದೇಶಿಯರು ಬಂಡೆಗಳ ಮುಂದೆ ಕುಣಿದ ರೀಲುಗಳ ನಡುವೆ ನನ್ನದನ್ನೂ ತೊಳೆದು ಮೇಜಿನ ಮೇಲೆ ಹರಡಿದರು.

“ಸರ, ಇವು ಎಂಟು ಆಡು. ಉಳಿದಾವೆಲ್ಲ ನೀವ.”

“ಕರಡಿ?”

“ಕರಡಿ ಎಲ್ಲೈತ್ರಿ. ಇದರಾಗ ಯಾರ ಕೂಡ ಮಾತಾಡಾಕತ್ತೀರಿ? ಬಾಯಿ ತೆರದೈತಿ.”

“ಯಾರೂ ಇರಲಿಲ್ಲ.”

“ಮತ್ತ ಕೈ ಬ್ಯಾರೆ ಮಾಡೀರಿ. ಇಲ್ನೋಡ್ರಿ, ನಕ್ಕೀರಿ. ಭಾಳ ಚೊಲೊ ಬಂದೈತಿ ಇದು. ದೊಡ್ಡದು ಮಾಡಿ ಕೊಡ್ಲೇನು?”

ನೋಡಿದೆ. ಬಾಯಿ ತೆರೆದೇ ಇತ್ತು. ಕ್ಯಾಮೆರಾದ ಮುಂದೆ ಕುಕ್ಕರಗಾಲಲ್ಲಿ ಕೂತು ಯಾರಿಗೋ ಏನನ್ನೋ ಒಪ್ಪಿಸುತ್ತಿದ್ದೆ. ತಾರೀಖುಗಳಂತೂ ವಾರಕ್ಕೊಮ್ಮೆಯಲ್ಲ, ದಿನ ಬಿಟ್ಟು ದಿನ. ಒಂದು ಭಾನುವಾರ ಎರಡು ಸಲ. ನನ್ನ ನೆನಪನ್ನು ನಾನು ನಂಬದಿರಲು ಶುರುಮಾಡಿದ್ದು ಆವತ್ತಿನಿಂದ.

ಪ್ರೊಫೆಸರಿಗೆ ಫೋನು ಮಾಡಿ ಎಲ್ಲ ಹೇಳಿದೆ. “ನಿನ್ನ ರೀಲಿನ ಪ್ರಕಾರ ಆ ಹಳ್ಳದಲ್ಲಿ ಅತಿ ಹೆಚ್ಚು ಕಾಣುವ ಸಸ್ತನಿ ನೀನೇ ಕಣಯ್ಯಾ. ಎರಡನೆಯದು ಆಡು. ಇದನ್ನು ಕೊಟ್ಟರೆ ನಾಳೆಯೇ ರಸ್ತೆ ಹಾಕುತ್ತಾರೆ. ಇನ್ನೊಂದು ರೀಲಿಗೆ ಸಮಯವಿದೆ. ಹಾಕಿ ಬಂದು ಹನ್ನೆರಡು ದಿನ ಅತ್ತ ತಲೆ ಹಾಕಬೇಡ.”

ಕೊನೆಯ ರೀಲು ಹಾಕುವಾಗ ಅರಣ್ಯ ಕಾವಲುಗಾರ ಹುಲುಗಪ್ಪ ಜೊತೆಗಿದ್ದ. ಅವನಿಗೆ ಇದೆಲ್ಲ ಮೊದಲೇ ಗೊತ್ತಿದ್ದಂತಿತ್ತು. “ನಿಮ್ಮ ಸೋಪಿನ ವಾಸ್ನಿ ಕರಡಿಗೆ ಭಾಳ ದೂರಿಂದ ಬಡೀತೈತ್ರಿ ಸರ. ಅದು ಬರ್ಲಿ ಅಂತ ನೀವು ಕುಂದ್ರತೀರಿ, ನೀವು ಹೋಗ್ಲಿ ಅಂತ ಅದು ಕುಂದ್ರತೈತಿ.”

“ಮೊದಲೇ ಹೇಳಬಾರದಿತ್ತೇನೋ?”

“ಹೆಂಗ್ ಹೇಳ್ಲಿ. ನೀವು ಮಾತಾಡಾಕತ್ತಿದ್ರಿ.”

ಆ ಹನ್ನೆರಡು ದಿನ ಉದ್ದವಾಗಿದ್ದವು. ಕಂಪ್ಲಿಗೆ ಹೋಗಿ ಸೇತುವೆಯ ಮೇಲೆ ನಿಂತು ಹೊಳೆ ನೋಡಿದೆ. ಹಂಪಿಗೆ ಹೋದೆ, ಫೋಟೋ ತೆಗೆದುಕೊಡಿ ಎಂದು ಒಬ್ಬಳು ಕ್ಯಾಮೆರಾ ಕೈಗಿತ್ತಳು, ತೆಗೆದುಕೊಟ್ಟೆ, ಆ ದಿನದ ಮಾತುಕತೆ ಅಷ್ಟೆ. ಐದನೆಯ ದಿನ ಸಂಡೂರಿನ ಬಸ್ಸು ಹತ್ತಿಬಿಟ್ಟೆ. ಟಿಕೆಟ್ಟು ಹರಿಯುತ್ತಿದ್ದಂತೆ ಬುದ್ಧಿ ಬಂದು ಮುಂದಿನ ನಿಲ್ದಾಣದಲ್ಲೇ ಇಳಿದೆ. “ಸಂಡೂರು ಇನ್ನೂ ದೂರ ಐತ್ರಿ” ಎಂದ ಕಂಡಕ್ಟರ್. ಗೊತ್ತು ಎಂದೆ.

ಹದಿಮೂರನೆಯ ದಿನ ರೀಲು ತಂದು ಸ್ಟುಡಿಯೋದಲ್ಲಿ ಕೊಟ್ಟು ಅಲ್ಲೇ ಕೂತೆ. ಗಾದಿಲಿಂಗಪ್ಪ ಒಳಗಿನಿಂದ ಬಂದು ಮೂರು ಫೋಟೋ ಮೇಜಿನ ಮೇಲಿಟ್ಟರು. ತಾಯಿ ಕರಡಿ, ಬೆನ್ನಿನ ಮೇಲೆ ಎರಡು ಮರಿ. ಮೂರು ಬೇರೆ ಬೇರೆ ದಿನ, ಅದೇ ದಾರಿ.

“ಬಂದೈತ್ರಿ ಸರ,” ಎಂದರು ಮೆಲ್ಲಗೆ. ಆಮೇಲೆ ಮಿಕ್ಕ ಚಿತ್ರಗಳನ್ನು ತಿರುವಿ ನೋಡಿ, “ನೀವು ಒಂದರಾಗೂ ಇಲ್ಲ” ಎಂದರು.

ನಕ್ಷೆಯಲ್ಲಿ ರಸ್ತೆಯ ಗೆರೆ ಗುಡ್ಡದ ಆಚೆ ಬದಿಗೆ ಸರಿಯಿತು. ಆಚೆ ಬದಿಯಲ್ಲಿ ಯಾರು ಓಡಾಡುತ್ತಿದ್ದರೋ, ನಾವಲ್ಲಿ ಕ್ಯಾಮೆರಾ ಕಟ್ಟಿರಲಿಲ್ಲ. ಎರಡು ರೀಲುಗಳನ್ನು ಅಕ್ಕಪಕ್ಕ ಇಟ್ಟು ಪ್ರೊಫೆಸರು ವರದಿ ಬರೆಸಿದರು: ಮನುಷ್ಯ ಬಂದ ದಿನಗಳಲ್ಲಿ ಕರಡಿ ಇಲ್ಲ, ಬಾರದ ದಿನಗಳಲ್ಲಿ ಇದೆ, ಆದ್ದರಿಂದ ಹಳ್ಳಕ್ಕೆ ಮನುಷ್ಯರ ಪ್ರವೇಶ ನಿಲ್ಲಿಸಬೇಕು. ಆ ‘ಮನುಷ್ಯ’ ನಾನು. ಟೈಪು ಮಾಡಿದವನೂ ನಾನೇ.

ಕೆಲವು ತಿಂಗಳ ನಂತರ, ಸುಮ್ಮನೆ ಒಮ್ಮೆ ನೋಡಿ ಬರೋಣ ಎಂದು ಹೋದೆ. ಹಳ್ಳದ ಬಾಯಲ್ಲಿ ಹೊಸ ಫಲಕ, ಅದರ ಕೆಳಗೆ ಹುಲುಗಪ್ಪ.

“ಇಲ್ಲಿಂದ ಮುಂದ ಬಿಡಂಗಿಲ್ರಿ ಸರ.”

“ನಾನು ಕಣೋ.”

“ಗೊತ್ತೈತ್ರಿ. ಬರ್ದವ್ರು ನೀವಲ್ಲೇನು?”

‘ಸಂಶೋಧಕರನ್ನು ಹೊರತುಪಡಿಸಿ’ ಎಂದು ವರದಿಯಲ್ಲಿ ಸೇರಿಸಲು ಮರೆತೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಮೊನ್ನೆ ಕರಡು ಪ್ರತಿ ಕೈಗೆ ಸಿಕ್ಕಿತು. ಆ ಮಾತು ಅದರಲ್ಲಿದೆ. ಅದರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದಿದೆ. ಶಾಯಿ ನನ್ನದು, ಕೈಯೂ ನನ್ನದೇ.