ಲೋಡು ಏರುವ ಸರ್ಜಾನಿಗೆ, ಎದುರುಮನೆಯಿಂದ

ಉಮರ್ಗಾ ಪೇಟೆಯ ಬಟ್ಟೆ ವ್ಯಾಪಾರಿ ಮನ್ಮಥಪ್ಪನವರ ಅಂಗಡಿಯ ಗಾದಿಯನ್ನೂ ಅದರ ಮೇಲಿನ ಒರಗುದಿಂಬಾದ ಲೋಡನ್ನೂ ಸಮಾನವಾಗಿ ಅಲಂಕರಿಸುವ ಶ್ವಾನವರ್ಯ ಸರ್ಜಾ ಅವರಿಗೆ, ಎದುರುಮನೆಯ ವೈಜನಾಥನ ವಿನಯಪೂರ್ವಕ ಶರಣಾರ್ಥಿಗಳು.

ಮಾನ್ಯರೇ, ಕಳೆದ ವರ್ಷ ತಮಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ತಾವು ಸನ್ಯಾಸಿಯಂತೆ ಬಾಳುತ್ತೀರೆಂದು ಮನೆಯವರು ನಂಬಿದ್ದರು. ತಾವೋ, ಗಿರಾಕಿಗಳು ಬಂದು ಗದ್ದಲವಾದೊಡನೆ ಲೋಡನ್ನು ಮುಂಗಾಲುಗಳಿಂದ ತಬ್ಬಿ ಏರಿಬಿಡುತ್ತೀರಿ. "ಡಾಕ್ಟರ್ ನಮಗ ಫಸಾಯ್ಸ್ಯಾನ್ರೀ, ಆಪರೇಷನ್ ಅರ್ಧಾನೇ ಮಾಡ್ಯಾನ" ಎಂದು ಮನ್ಮಥಪ್ಪನವರು ಪೇಟೆಗೆಲ್ಲ ಸಾರಿದ್ದಾರೆ. ಡಾಕ್ಟರು ತಮ್ಮನ್ನು ಮತ್ತೆ ಪರೀಕ್ಷಿಸಿ, ಮೂತ್ರದ ಸೋಂಕಾಗಲಿ ತುರಿಕೆಯಾಗಲಿ ಇಲ್ಲ, ಇದು ಕಾಮವೂ ಅಲ್ಲ, ತಡೆಯಲಾಗದ ಉತ್ಸಾಹ ಮತ್ತು ರೂಢಿ ಎಂದರು. ಮಾತು ಅಷ್ಟು ಸರಳವಾಗಿದ್ದರಿಂದ ಯಾರೂ ನಂಬಲಿಲ್ಲ.

ನನ್ನ ಮುಖ್ಯ ದೂರು ತಮ್ಮ ವ್ಯಾಪಾರಬುದ್ಧಿಯ ಬಗ್ಗೆ. ತಾವು ಲೋಡು ಏರಿದರೆ ಇಡೀ ಗಾದಿ ನಗುತ್ತದೆ, "ವಾಹ್ ಸರ್ಜಾ, ಏನ್ ಜವಾನಿ ಅದಲೇ ನಿಂದು!" ಎಂದು ಮಗ ಮನೋಜ ತೊಡೆ ತಟ್ಟುತ್ತಾನೆ, ಇಳಿಸಲೆಂದು ಮನ್ಮಥಪ್ಪನವರು ರೊಟ್ಟಿಯ ತುಂಡು ಎಸೆಯುತ್ತಾರೆ. ಸುಮ್ಮನೆ ಮಲಗಿದ್ದಾಗ ತಮಗೆ ಯಾರೂ ಏನೂ ಕೊಟ್ಟದ್ದಿಲ್ಲ. ಬೇಡಿಕೆಯಿರುವ ಸರಕನ್ನೇ ಪೂರೈಸಬೇಕೆಂಬುದನ್ನು ಆ ಮನೆಯಲ್ಲಿ ಸರಿಯಾಗಿ ಕಲಿತವರು ತಾವೊಬ್ಬರೇ.

ಆ ಮನೆಯವರೆಲ್ಲ ದಾಳಿಂಬ ಎಂಬ ಊರಿಗೆ ಮದುವೆಗೆ ಹೋದಾಗ ತಾವು ನನ್ನಲ್ಲಿದ್ದಿರಿ. ಮುಂಜಾನೆ ತೊಗರಿ ಹೊಲದ ದಾರಿಯಲ್ಲಿ ದಣಿಯುವಷ್ಟು ನಡೆಸಿದೆ. ನನ್ನ ತಲೆದಿಂಬಿನತ್ತ ಕಣ್ಣು ಹಾಕಿದ ಕೂಡಲೇ ನಗದೆ, ಬೈಯದೆ, ಹೆಸರು ಹಿಡಿದು ಕರೆದೆ. ಕೂತ ಮೇಲೆ ರೊಟ್ಟಿ ಕೊಟ್ಟೆ. ತಾವು ಕೂತೇ ಇದ್ದಿರಿ. ಇಷ್ಟು ಸುಲಭವಾಗಿ ಸುಧಾರಿಸಿ ಮನ್ಮಥಪ್ಪನವರನ್ನು ಸುಳ್ಳಾಗಿಸಿದ್ದು ತಮ್ಮ ಎರಡನೆಯ ಅಪರಾಧ.

ಈಗ ಮನೋಜನ ನಿಶ್ಚಿತಾರ್ಥ ಬಂದಿದೆ. "ಬೀಗರ ಮುಂದ ಮನಿ ಮರ್ಯಾದಿ ಹೋಗ್ತದ, ಅದನ್ನ ಯೆಣೆಗೂರ ಧಾಬಾಕ್ಕ ಬಿಟ್ಟು ಬರ್ರಿ" ಎಂದು ಅವನ ತಾಯಿ ಶಕುಂತಲಾಬಾಯಿಯವರ ಅಪ್ಪಣೆಯಾಗಿದೆ. ಹೆದ್ದಾರಿಯ ಲಾರಿಗಳಿಗೆ ತಮ್ಮ ಪರಿಚಯವಿಲ್ಲ. ಆದ್ದರಿಂದ ಪ್ರಾರ್ಥನೆ: ಉತ್ಸಾಹ ಉಕ್ಕಿದಾಗ ದಯವಿಟ್ಟು ಬೀಗರಿಗೆ ಎಲೆ-ಅಡಿಕೆ ಹಂಚಿರಿ, ಇಲ್ಲವೇ ಸೋಯಾಬೀನ್ ದರದ ಬಗ್ಗೆ ಗಂಭೀರವಾಗಿ ಮಾತಾಡಿರಿ. ಅದಾಗದಿದ್ದರೆ, ಆ ಮನೆಯವರು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ನಗದೆ ಕೂರುವುದನ್ನು ಕಲಿಯುವವರೆಗೆ ನನ್ನಲ್ಲೇ ಇರಿ. ತಮ್ಮ ಬಟ್ಟಲನ್ನು ಕೇಳಿಯೇ ತಂದಿದ್ದೇನೆ. "ಒಯ್ರಿ ಒಯ್ರಿ, ಪೀಡಾ ಹೋಯ್ತು" ಎಂದರು ಆ ಮನೆಯವರು.

ತಮ್ಮ ಹಗ್ಗದ ಇನ್ನೊಂದು ತುದಿಯ ವಿಶ್ವಾಸಿ,
ವೈಜನಾಥ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ನಿಶ್ಚಿತಾರ್ಥವೂ ಮುಗಿಯಿತು. ಫೋಟೋದ ಹೊತ್ತಿಗೆ ಮನೋಜ ಉತ್ಸಾಹ ತಡೆಯಲಾರದೆ ಹುಡುಗಿಯ ಸೋದರಮಾವನನ್ನು ಹಿಂದಿನಿಂದ ತಬ್ಬಿ ಬೆನ್ನೇರಿದ. ಎಲ್ಲರೂ ನಕ್ಕು ಅವನ ಬಾಯಿಗೆ ಪೇಢೆ ಹಾಕಿದರು. ಧಾಬಾದ ಮಾತು ಯಾರೂ ಎತ್ತಲಿಲ್ಲ.