ಮೂರು ಬೆರಳಿನ ವಿಭೂತಿ, ಮೂರು ಸಾಲಿನ ಗುಂಡಿ

ಶಿಸ್ತಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಹೋದ ವರ್ಷದ ಆಯುಧಪೂಜೆಯವರೆಗೆ ನನ್ನ ದೃಢವಾದ ನಂಬಿಕೆಯಾಗಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿ ನಿವೃತ್ತನಾದವನು ನಾನು. ಸೈರನ್ ಕೂಗುವ ಮೊದಲೇ ಗೇಟಿನಲ್ಲಿ ನಿಂತಿರುತ್ತಿದ್ದೆ. ಈಗಲೂ ಮನೆಯಲ್ಲಿ ಕಾಫಿ ತಡವಾದರೆ ಕಾರಣ ಕೇಳುತ್ತೇನೆ. ನನ್ನ ಹೆಂಡತಿ ಗಿರಿಜಾ ಕಾರಣ ಹೇಳುವುದಿಲ್ಲ. ಕಾಫಿಯನ್ನೂ ಕೊಡುವುದಿಲ್ಲ!

ಅವಳ ತಮ್ಮ ಶಿವಣ್ಣನಿಗೆ ಟಿ. ನರಸೀಪುರದಲ್ಲಿ ರೈಸ್ ಮಿಲ್ ಇದೆ. ಅಲ್ಲಿನ ಯಂತ್ರಗಳನ್ನು ಓಡಿಸುವ ಪ್ಯಾನೆಲ್ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಗುಂಡಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು. ಒಂದು ಕಡೆ ಗುಂಡಿಯೇ ಇರಲಿಲ್ಲ. ಆಪರೇಟರ್ ಮಾದೇಶ ಅಲ್ಲಿಗೆ ಬೆಂಕಿಕಡ್ಡಿ ತೂರಿಸಿ ಪಾಲಿಶ್ ಯಂತ್ರ ಚಾಲೂ ಮಾಡುತ್ತಿದ್ದ.

"ಇದೇನು ಮಿಲ್ಲೋ, ಸಂತೆಯೋ? ಟಚ್ ಸ್ಕ್ರೀನ್ ಹಾಕಿಸು ಶಿವಣ್ಣ. ಜವಾಬ್ದಾರಿ ನನಗೆ ಬಿಡು," ಎಂದೆ.

"ಬುಟ್ಟೆ ಭಾವ," ಎಂದ ಶಿವಣ್ಣ. ಪಾಪ, ನಿಜವಾಗಿಯೂ ಬಿಟ್ಟುಬಿಟ್ಟ.

ನಂಜನಗೂಡಿನಿಂದ ರೇಖಾ ಎಂಬ ಇಂಜಿನಿಯರ್ ಬಂದರು. ಸ್ಕ್ರೀನಿನ ಮೇಲೆ ಗುಂಡಿಗಳು ದೂರದೂರ ಇರಲಿ, ಯಾವುದನ್ನು ಒತ್ತಿದರೂ ಅದು "ಖಚಿತವೇ?" ಎಂದು ಒಮ್ಮೆ ಕೇಳಲಿ ಎಂದು ಅವರ ಸಲಹೆ.

"ಖಚಿತವಿಲ್ಲದವನು ಯಂತ್ರದ ಹತ್ತಿರ ಬರಕೂಡದು," ಎಂದು ನಾನು ಆ ಪ್ರಶ್ನೆಯನ್ನು ತೆಗೆಸಿದೆ. ಗುಂಡಿಗಳನ್ನು ಪೆರೇಡಿನಂತೆ ಮೂರು ಸಾಲಿನಲ್ಲಿ ನಿಲ್ಲಿಸಿದೆ. ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿರಬೇಕು, ಮೂರು ಸಲ ತಪ್ಪಿದರೆ ಎಲ್ಲವೂ ಲಾಕ್ ಆಗಬೇಕು ಎಂದು ಅಪ್ಪಣೆ ಮಾಡಿದೆ. ಪಕ್ಕದಲ್ಲಿದ್ದ ತುರ್ತು ನಿಲುಗಡೆಯ ದಪ್ಪ ಕೆಂಪು ಗುಂಡಿ ನೋಡಲು ಚೆನ್ನಾಗಿಲ್ಲ, ಅದನ್ನೂ ತೆಗೆಯಿರಿ ಎಂದೆ.

"ಅದೊಂದನ್ನ ತೆಗೆಯಲ್ಲ ಸಾರ್," ಎಂದರು ರೇಖಾ. ಮುಂದೆ ನನ್ನನ್ನು ಕಾಪಾಡಿದ್ದು ಆ ಹೆಣ್ಣುಮಗಳ ಹಟ.

ಹಳೆಯ ಪ್ಯಾನೆಲ್ಲನ್ನು ಅಂದೇ ಗುಜರಿಗೆ ಕಳಿಸಿದೆ. ಕಸ ಉಳಿಸಿಕೊಳ್ಳುವುದು ಶಿಸ್ತಲ್ಲ!

ಆಯುಧಪೂಜೆಯ ದಿನವೇ ಮೊದಲ ಓಟ. ಮರುದಿನ ಮಠದಲ್ಲಿ ದಾಸೋಹ. ಅದರ ಅಕ್ಕಿ ಶಿವಣ್ಣನ ತಂದೆಯ ಕಾಲದಿಂದಲೂ ಈ ಮಿಲ್ಲಿನದೇ. ಒಂದು ವರ್ಷವೂ ತಪ್ಪಿಲ್ಲ. ಮಠದ ಪಾರುಪತ್ತೇಗಾರರು ಟೆಂಪೋ ತಂದು ಕಾದು ಕುಳಿತಿದ್ದರು.

ನಾನು ಮಡಿಯುಟ್ಟು ಪೂಜೆಗೆ ನಿಂತೆ. ಮುಹೂರ್ತಕ್ಕೆ ಸರಿಯಾಗಿ ಚಾಲೂ ಆಗಬೇಕಲ್ಲ, ಪಾಸ್‌ವರ್ಡ್ ಒತ್ತಿ ಸ್ಕ್ರೀನನ್ನು ಮೊದಲೇ ಸಿದ್ಧವಾಗಿಟ್ಟಿದ್ದೆ. ಆ ಕುರೂಪಿ ಕೆಂಪು ಗುಂಡಿ ಕಾಣದಂತೆ ಅದರ ಸುತ್ತ ಚೆಂಡುಹೂವಿನ ಹಾರ ಬಿಗಿದೆ. ಆಮೇಲೆ ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿಗೆ ಹಚ್ಚಿಕೊಂಡು, ಸ್ಕ್ರೀನಿನ ಈ ತುದಿಯಿಂದ ಆ ತುದಿಯವರೆಗೆ ಭಕ್ತಿಯಿಂದ ಎಳೆದೆ.

ಮೂರು ಬೆರಳು. ಮೂರು ಸಾಲು ಗುಂಡಿ.

ಇಡೀ ಮಿಲ್ಲು ಒಂದೇ ಸಲ ಎದ್ದಿತು! ಪಾಲಿಶ್ ಯಂತ್ರ ಖಾಲಿ ಹೊಟ್ಟೆಯಲ್ಲಿ ಅರಚಿತು. ಎಲಿವೇಟರ್ ಭತ್ತವನ್ನು ಬಾಚಿ ಬಾಚಿ ಮೇಲಕ್ಕೆ ಒಯ್ದಿತು. ಅದು ಬೀಳಬೇಕಾದ ಮೇಲಿನ ಬಾಗಿಲನ್ನು ಕೈಯಿಂದ ತೆರೆಯಬೇಕಿತ್ತು, ಯಾರೂ ತೆರೆದಿರಲಿಲ್ಲ. ಭತ್ತ ಸುರಿಯತೊಡಗಿತು. ಪಾರುಪತ್ತೇಗಾರರ ರುಮಾಲಿನ ಮೇಲೂ ಸುರಿಯಿತು.

"ಭಾವಾ! ಯಾವ್ದ ಒತ್ತುದ್ರಿ?" ಎಂದು ಶಿವಣ್ಣ ಕೂಗಿದ.

"ನಾನು ಒತ್ತಿಲ್ಲ. ಪೂಜೆ ಮಾಡಿದೆ!"

"ಕೆಂಪು ಗುಂಡಿ ಎಲ್ಲೋಯ್ತು ಸಾ?" ಎಂದು ಮಾದೇಶ ಗೋಡೆಯನ್ನೆಲ್ಲ ತಡಕಾಡಿದ.

"ಹೂವಿನೊಳಗೇ ಅದೆ ಕಣ್ರೀ!" ಎಂದು ಗಿರಿಜಾ ಮುನ್ನುಗ್ಗಿ, ಹಾರದ ಸಮೇತ ಗುಂಡಿಯನ್ನು ಗುದ್ದಿದಳು. ನನ್ನ ಕಡೆ ನೋಡುತ್ತಲೇ ಗುದ್ದಿದಳು. ಎಲ್ಲವೂ ನಿಂತಿತು.

ಈಗ ಮತ್ತೆ ಚಾಲೂ ಮಾಡಲು ಪಾಸ್‌ವರ್ಡ್ ಬೇಕು. ಅಂಕಿಗಳು ವಿಭೂತಿಯ ಅಡಿಯಲ್ಲಿದ್ದವು. ಅಂದಾಜಿನಲ್ಲಿ ಒತ್ತಿದೆ. ತಪ್ಪು. ಒದ್ದೆ ಕೈಯಲ್ಲಿ ಒರೆಸಲು ಹೋಗಿ ಒರೆಸಿದ್ದೇ ಒತ್ತಿದಂತಾಯಿತು. ತಪ್ಪು. ಮೂರನೆಯ ಸಲ ಅವಸರದಲ್ಲಿ ಪಕ್ಕದ ಅಂಕಿ ಒತ್ತಿದೆ. ಸ್ಕ್ರೀನಿನ ಮೇಲೆ ನಾನೇ ಬರೆಸಿದ್ದ ವಾಕ್ಯ ಮೂಡಿತು: "ನಿಮಗೆ ಅಧಿಕಾರವಿಲ್ಲ. ಮೇಲ್ವಿಚಾರಕರನ್ನು ಕರೆಯಿರಿ."

"ಕರೀರಿ ಸಾ," ಎಂದ ಮಾದೇಶ. "ಯಾರವ್ರು ಮೇಲ್ವಿಚಾರಕ್ರು?"

ನಾನೇ!

ಶಿವಣ್ಣ ರೇಖಾ ಅವರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ನನ್ನ ಕೈಗಿತ್ತ.

"ಏನ್ ಮಾಡಿದ್ರಿ ಸಾರ್?"

"ಸಣ್ಣ ತಾಂತ್ರಿಕ ಅಡಚಣೆ."

"ವಿಭೂತಿ ಹಚ್ಚವ್ರೆ ಕಣಮ್ಮ! ಮೂರ್ ಬೆಳ್ಳಲ್ಲಿ!" ಎಂದು ಮಾದೇಶ ಹಿಂದಿನಿಂದ ಕೂಗಿದ.

ರೇಖಾ ಮತ್ತೆ ನನ್ನನ್ನೇ ಕೇಳಿದರು: "ಸ್ಕ್ರೀನ್ ಮೇಲೇನಾ ಸಾರ್? ನಾವೂ ಹಚ್ಚಿದೀವಿ ಇವತ್ತು. ಪ್ಯಾನೆಲ್ ಡಬ್ಬದ ಮೇಲೆ. ಬತ್ತೀನಿ ಇರಿ, ಏನೂ ಮುಟ್ಟಬೇಡಿ."

ಹಬ್ಬದ ದಿನ, ತಮ್ಮ ಮನೆಯ ಪೂಜೆ ಬಿಟ್ಟು, ಆಕೆ ನಂಜನಗೂಡಿನಿಂದ ಸ್ಕೂಟರಿನಲ್ಲಿ ಬರಬೇಕಾಯಿತು. ಅಷ್ಟು ಹೊತ್ತು ನಾನು ಮಡಿಯಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಚೆಲ್ಲಿದ ಭತ್ತ ಗುಡಿಸಿ ತುಂಬಿದೆ.

ಶಿವಣ್ಣ ಒಂದು ಮಾತೂ ಬೈಯಲಿಲ್ಲ. ಮೆಲ್ಲಗೆ, "ನಮ್ಮಪ್ಪನ ಕಾಲ್ದಿಂದ ತಪ್ಪಿರ್ನಿಲ್ಲ ಭಾವ," ಎಂದಷ್ಟೇ ಹೇಳಿ ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತ. ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ತಲೆ ಎತ್ತಲಾಗಲಿಲ್ಲ.

ರೇಖಾ ಬಂದರು. ಒಣಬಟ್ಟೆಯಲ್ಲಿ ಒರೆಸಿದರು, ಲಾಕ್ ತೆಗೆದರು, ನನ್ನನ್ನು ಕೇಳದೆಯೇ "ಖಚಿತವೇ?" ಎಂಬ ಪ್ರಶ್ನೆಯನ್ನು ಮತ್ತೆ ಸೇರಿಸಿದರು. ಹೊತ್ತು ಮುಳುಗುವ ಮೊದಲು ಅಕ್ಕಿ ಟೆಂಪೋ ಹತ್ತಿತು. ಪಾರುಪತ್ತೇಗಾರರು ರುಮಾಲು ಕೊಡವುತ್ತಾ, "ದಾಸೋಹಕ್ಕೆ ನೀವೂ ಬನ್ನಿ ಯಜಮಾನ್ರೇ. ಬಡಿಸಕ್ ಮಾತ್ರ ಬರ್ಬೇಡಿ," ಎಂದರು. ಶಿವಣ್ಣ ಆಗ ನಕ್ಕ. ಅವನು ನಕ್ಕಿದ್ದರಿಂದ ನಾನು ಉಸಿರಾಡಿದೆ.

ಈ ವರ್ಷವೂ ಆಯುಧಪೂಜೆಗೆ ನನ್ನನ್ನು ಕರೆದರು, ಸಂಬಂಧ ದೊಡ್ಡದು. ಆದರೆ ನಾನು ಹೋಗುವಷ್ಟರಲ್ಲಿ ಸ್ಕ್ರೀನಿಗೆ ಬಟ್ಟೆ ಹೊದಿಸಿ, ಅದರ ಮುಂದೆ ಮಾದೇಶನನ್ನು ಕಾವಲಿಗೆ ನಿಲ್ಲಿಸಿದ್ದರು. ಗಿರಿಜಾ ವಿಭೂತಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಎದುರಿನ ಗೋಡೆ ತೋರಿಸಿದಳು. ನಾನು ಹೋಗಿ ಗೋಡೆಗೆ ಮೂರು ಬೆರಳು ಎಳೆದೆ.

ಗೋಡೆ ಏನೂ ಮಾಡಲಿಲ್ಲ. ಆದರೆ ತಿರುಗಿ ನೋಡಿದರೆ, ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದರು!